ಬೇಡ ಎಂದವಳ ಮುಖಪುಟ

ಐತಿಹಾಸಿಕ ಪ್ರೇಮ ಕಾದಂಬರಿಯ ಮುಖಪುಟ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಹಿಂದೆ ಕೋಟೆ, ಮೇಲೆ ಹುಣ್ಣಿಮೆ, ಮುಂದೆ ರಾಜನ ತೋಳಿನಲ್ಲಿ ಅರೆಗಣ್ಣು ಮುಚ್ಚಿದ ಸುಂದರಿ. ಅಮೆರಿಕದ ಎಲೇನ್ ಡುಯಿಲೊ, ಪಿನೊ ಡೇನಿಯಂಥ ಕಲಾವಿದರು ಇಂಥ ಅಪ್ಪುಗೆಯ ಚಿತ್ರಗಳಿಂದಲೇ ಹೆಸರಾದರು. ರೂಪದರ್ಶಿಗಳ ಫೋಟೊ ಮುಂದಿಟ್ಟುಕೊಂಡು ಬಣ್ಣ ಹಚ್ಚುವ ಕೆಲಸ ಅದು. ಈಗ ಮೊಬೈಲಿನಲ್ಲಿ ನಾಲ್ಕು ಪದ ಬರೆದರೆ ಎಐ ಅಂಥದ್ದೇ ಅಪ್ಪುಗೆಯನ್ನು ಅರೆಕ್ಷಣದಲ್ಲಿ ಕೊಡುತ್ತದೆ.

ನನ್ನೂರು ಮಾನ್ವಿ, ರಾಯಚೂರಿನಲ್ಲಿ ಬಿ.ಇ. ಓದುತ್ತಿದ್ದೇನೆ. ಬಿಡುವಿನಲ್ಲಿ ಮುಖಪುಟ ಬಿಡಿಸುವುದು ನನ್ನ ಹವ್ಯಾಸ. ಇದರ ಲೆಕ್ಕಾಚಾರ ಸುಲಭ. 5.5×8.5 ಇಂಚಿನ ಪುಸ್ತಕಕ್ಕೆ 300 ಡಿಪಿಐನಲ್ಲಿ 1650×2550 ಪಿಕ್ಸೆಲ್, ಅಂಚು ಕತ್ತರಿಸಲು ಸುತ್ತ 3 ಮಿ.ಮೀ. ಹೆಚ್ಚು, ಮೇಲೆ ಹೆಸರಿಗೆ ಖಾಲಿ ಜಾಗ. ಕಷ್ಟವಿರುವುದು ಕಥೆಯ ಯಾವ ಗಳಿಗೆಯನ್ನು ಬಿಡಿಸಬೇಕು ಎಂಬುದರಲ್ಲಿ.

ಅಭ್ಯಾಸಕ್ಕೆಂದು ನಮ್ಮ ಜಿಲ್ಲೆಯ ಕಥೆಯನ್ನೇ ಎತ್ತಿಕೊಂಡೆ. ಮುದಗಲ್‌ನ ಅಕ್ಕಸಾಲಿಗನ ಮಗಳು ಪರ್ತಾಲ್. ಅವಳ ಚೆಲುವಿನ ಸುದ್ದಿ ಕೇಳಿ ವಿಜಯನಗರದ ಒಂದನೇ ದೇವರಾಯ ಹಾರ, ಉಡುಗೊರೆ ಕಳಿಸಿದ. ಅರಮನೆ ಸೇರಿದರೆ ತಂದೆ–ತಾಯಿಯ ಮುಖ ಮತ್ತೆ ನೋಡಲಾಗದು ಎಂದು ಅವಳು ಒಪ್ಪಲಿಲ್ಲ. ಆಮೇಲೆ ಸೈನ್ಯವೇ ಬಂತು. ಅಷ್ಟರಲ್ಲಿ ಅವಳ ಮನೆಯವರು ಊರು ಬಿಟ್ಟಿದ್ದರು. 1406ರ ಈ ಜಗಳ ಬಹಮನಿ ಸುಲ್ತಾನ ಫಿರೋಜ್ ಷಾನೊಂದಿಗಿನ ಯುದ್ಧವಾಯಿತು. ಕೊನೆಗೆ ಪರ್ತಾಲ್ ಸುಲ್ತಾನನ ಮಗ ಹಸನ್ ಖಾನನ ಹೆಂಡತಿಯಾದಳು. ಇಷ್ಟನ್ನು ಸುಮಾರು 200 ವರ್ಷಗಳ ನಂತರ ಬರೆದವನು ಫೆರಿಷ್ತಾ. ಹೀಗಾಗಿ ಇದರಲ್ಲಿ ಇತಿಹಾಸದ ಜೊತೆ ದಂತಕಥೆಯೂ ಬೆರೆತಿರಬಹುದು.

ಆದರೆ ಒಂದು ಮಾತು ಸ್ಪಷ್ಟ. ಈ ಕಥೆಯಲ್ಲಿ ದೇವರಾಯನೂ ಪರ್ತಾಲಳೂ ಎದುರುಬದುರಾಗುವುದೇ ಇಲ್ಲ! ಹಾಗಿರುವಾಗ ಮುಖಪುಟದಲ್ಲಿ ಅವಳನ್ನು ಅವನ ತೋಳಿಗೆ ಹಾಕಿದರೆ, ಅವಳು ಹೇಳಿದ 'ಬೇಡ' ಎಂಬ ಮಾತನ್ನೇ ಅಳಿಸಿದಂತೆ.

ಗೆಳತಿಯೊಬ್ಬಳು ಎಐನಿಂದ ಪರ್ತಾಲಳ ಚಿತ್ರ ಮಾಡಿಸಿದಳು. ರಾಜಸ್ಥಾನದ ಘಾಗ್ರಾ, ಅಮೃತಶಿಲೆಯ ಅರಮನೆ, ಮೈತುಂಬ ಒಡವೆ. ದೇವದುರ್ಗದಲ್ಲಿ ಅಕ್ಕಸಾಲಿಗರೊಬ್ಬರ ಕೈಕೆಲಸ ನೋಡಿ ಸ್ಕೆಚ್ ಮಾಡಲು ಹೋದಾಗ ಅವರಿಗೆ ಅದನ್ನು ತೋರಿಸಿದೆ. "ನೋಡವ್ವಾ, ನಮ್ಮ ಮನ್ಯಾಗ ಇರೋ ಬಂಗಾರ ಊರವರದು, ಮಗಳದಲ್ಲ" ಎಂದು ನಕ್ಕರು. ಯಾವ ಆ್ಯಪ್ ಕೂಡ ನನಗೆ ಹೇಳದ ಮಾತು ಅದು. ಅವರ ಊದುಗೊಳವೆ, ಇಕ್ಕಳ, ಸಣ್ಣ ತಕ್ಕಡಿ, ತೂಕದ ಗುಲಗಂಜಿ ಎಲ್ಲವನ್ನೂ ಬರೆದುಕೊಂಡೆ.

ಇನ್ನು ಊರು ಬಿಟ್ಟವರ ಬಂಡಿಗೆ ರಾಯಚೂರು ಕೋಟೆಯೇ ಇದೆ. 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಕಲ್ಲು ಅಲ್ಲಿನ ಗೋಡೆಯಲ್ಲಿದೆ. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳಿಂದ ಎಳೆಸಿದ ದೃಶ್ಯವನ್ನೂ ಅಲ್ಲೇ ಗೋಡೆಯಲ್ಲಿ ಕೊರೆದಿದ್ದಾರೆ. ಪರ್ತಾಲಳ ಕಾಲಕ್ಕಿಂತ ನೂರಿಪ್ಪತ್ತು ವರ್ಷ ಕೂಡ ಹಳೆಯದಲ್ಲದ ಮಾದರಿ, ನಮ್ಮ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ!

ನನ್ನ ಮುಖಪುಟದಲ್ಲಿ ಈಗ ಕುಲುಮೆಯ ಬೆಳಕಿದೆ, ತಕ್ಕಡಿಯ ತಟ್ಟೆಯಲ್ಲಿ ಹಾರವಿದೆ, ಅದನ್ನು ಹಿಂದಕ್ಕೆ ದೂಡುವ ಬರಿಗೈ ಇದೆ. ಬಾಗಿಲಾಚೆ ಎರೆಹೊಲ, ಬಂಡಿ. ಪ್ರಕಾಶಕರೊಬ್ಬರು ನೋಡಿ, "ರಾಜನನ್ನೂ ಸೇರಿಸಿ, ಜೋಡಿ ಇದ್ದರೆ ಪುಸ್ತಕ ಹೋಗುತ್ತದೆ" ಎಂದರು. ಅದು ನನ್ನ ಮೊದಲ ಸಂಪಾದನೆ ಆಗಬಹುದಿತ್ತು. ಆದರೂ ಸೇರಿಸಲಿಲ್ಲ.

ಚಿತ್ರ ಬಿಡಿಸಿ ದುಡಿಯಬೇಕೆಂದಿರುವ ಗೆಳೆಯರೇ, ಅಪ್ಪುಗೆ ಬಿಡಿಸುವುದರಲ್ಲಿ ಎಐ ಜೊತೆ ಸ್ಪರ್ಧೆಗೆ ಇಳಿಯಬೇಡಿ. ನಿಮ್ಮೂರಿನ ಕೋಟೆಗೆ, ಕುಲುಮೆಗೆ ಒಮ್ಮೆ ಸ್ಕೆಚ್‌ ಪುಸ್ತಕ ಹಿಡಿದು ಹೋಗಿ ಬನ್ನಿ.