ಶೇಖರ್ ಶೇಷಾದ್ರಿ

ಡಾ. ಶೇಖರ್ ಪಿ. ಶೇಷಾದ್ರಿ ಅವರು ಕರ್ನಾಟಕದ ಮಕ್ಕಳ ಮನೋವೈದ್ಯರಲ್ಲಿ ಪ್ರಮುಖರು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದಲ್ಲಿ ಅವರು ದೀರ್ಘಕಾಲ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದ್ದಾರೆ. ಲೈಂಗಿಕ ದೌರ್ಜನ್ಯ ಹಾಗೂ ಹಿಂಸೆಯಿಂದ ನೊಂದ ಮಕ್ಕಳ ಚಿಕಿತ್ಸೆ, ಅಂತಹ ಮಕ್ಕಳೊಡನೆ ಕೆಲಸ ಮಾಡುವವರ ತರಬೇತಿ ಇವು ಅವರ ಮುಖ್ಯ ಕಾರ್ಯಕ್ಷೇತ್ರಗಳು.

ಬಾಲ್ಯದ ಆಘಾತ ಮತ್ತು ಚಿಕಿತ್ಸೆ

ಆಘಾತಕ್ಕೊಳಗಾದ ಮಗು ತನ್ನ ನೋವನ್ನು ಮಾತಿನಲ್ಲಿ ಹೇಳಿಕೊಳ್ಳುವುದು ಅಪರೂಪ. ನಿದ್ರಾಭಂಗ, ಹಾಸಿಗೆಯಲ್ಲಿ ಮೂತ್ರ ವಿಸರ್ಜನೆ, ಪದೇ ಪದೇ ಹೊಟ್ಟೆನೋವು, ಶಾಲೆಗೆ ಹೋಗಲು ಅಂಜಿಕೆ, ಹಠಾತ್ ಸಿಟ್ಟು ಅಥವಾ ಮೌನ ಇದರ ಲಕ್ಷಣಗಳಾಗಿರಬಹುದು. ಹಿರಿಯರು ಇವನ್ನು ಹಠವೆಂದು ಭಾವಿಸಿ ದಂಡಿಸಿದರೆ ಮಗು ಇನ್ನಷ್ಟು ಮುದುಡುತ್ತದೆ. ಆದುದರಿಂದ ಆಟ, ಚಿತ್ರರಚನೆ, ಕಥೆ ಮತ್ತು ನಾಟಕಗಳ ಮೂಲಕ ಮಗುವಿನ ಮನಸ್ಸನ್ನು ತಲುಪುವ ವಿಧಾನಗಳಿಗೆ ಶೇಷಾದ್ರಿಯವರು ಒತ್ತು ನೀಡಿದ್ದಾರೆ.

ತರಬೇತಿ ಕಾರ್ಯ

2014ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಿಂದ ನಿಮ್ಹಾನ್ಸ್ ಸಮುದಾಯ ಮಟ್ಟದ ಮಕ್ಕಳ ಮಾನಸಿಕ ಆರೋಗ್ಯ ಸೇವಾ ಯೋಜನೆಯನ್ನು ಆರಂಭಿಸಿತು. ಶೇಷಾದ್ರಿ ಹಾಗೂ ಶೀಲಾ ರಾಮಸ್ವಾಮಿ ಅವರು ಇದರಲ್ಲಿ ಪ್ರಮುಖ ಪಾತ್ರ ವಹಿಸಿದರು. ಅಂಗನವಾಡಿ, ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಮಕ್ಕಳ ಪಾಲನಾ ಸಂಸ್ಥೆಗಳು ಯೋಜನೆಯ ವ್ಯಾಪ್ತಿಗೆ ಬಂದವು. ಈ ಅನುಭವದ ಆಧಾರದ ಮೇಲೆ 2020ರಲ್ಲಿ ಕೇಂದ್ರ ಸರ್ಕಾರದ ಬೆಂಬಲದೊಂದಿಗೆ ‘ಸಂವಾದ್’ ಎಂಬ ರಾಷ್ಟ್ರೀಯ ಉಪಕ್ರಮವು ನಿಮ್ಹಾನ್ಸ್‌ನಲ್ಲಿ ಸ್ಥಾಪನೆಯಾಯಿತು. ಮಕ್ಕಳ ರಕ್ಷಣೆ, ಶಿಕ್ಷಣ, ಆರೋಗ್ಯ ಮತ್ತು ನ್ಯಾಯಾಂಗ ಕ್ಷೇತ್ರಗಳವರಿಗೆ ಇದು ತರಬೇತಿ ನೀಡುತ್ತದೆ.

ತರಬೇತಿಯ ಮಹತ್ವ

ತಜ್ಞರ ಬಳಿಗೆ ಹೋಗುವ ಮೊದಲೇ ಮಗು ಶಿಕ್ಷಕರ ಅಥವಾ ಅಂಗನವಾಡಿ ಕಾರ್ಯಕರ್ತೆಯ ಕಣ್ಣಿಗೆ ಬೀಳುತ್ತದೆ. ಉದಾಹರಣೆಗೆ, ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಿಗೆ ಮಣಿಪಾಲದ ಮನೋವೈದ್ಯಕೀಯ ವಿಭಾಗವು ಅದೇ ಜಿಲ್ಲೆಯಲ್ಲಿದೆ. ಆದರೂ ಲಕ್ಷಣಗಳನ್ನು ಯಾರಾದರೂ ಗುರುತಿಸದ ಹೊರತು ಮಗು ಅಲ್ಲಿಗೆ ತಲುಪಲಾರದು. ಮನೆಯಲ್ಲಿ ಕುಂದಗನ್ನಡವಾಡುವ ಮಗುವಿಗೆ ತನ್ನ ಮಾತಿನಲ್ಲೇ ಕೇಳಿಸಿಕೊಳ್ಳುವವರು ಸಿಗುವುದೂ ಮುಖ್ಯ.

ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಕಡ್ಡಾಯ. ಮಗುವನ್ನು ಸಾಕ್ಷ್ಯಕ್ಕಾಗಿ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆಸಬಾರದೆಂದೂ ಕಾಯಿದೆ ಹೇಳುತ್ತದೆ. ಶಾಲೆಯಲ್ಲಿಯೂ ಅದೇ ವಿವೇಕ ಅಗತ್ಯ. ಘಟನೆಯನ್ನು ಪದೇ ಪದೇ ಹೇಳಿಸುವುದರಿಂದ ಮಗು ಮತ್ತೆ ನೋಯುತ್ತದೆ. ಶಾಂತವಾಗಿ ಆಲಿಸುವುದು, ತಪ್ಪು ಮಗುವಿನದಲ್ಲವೆಂದು ತಿಳಿಸುವುದು, ಅದನ್ನು ಸುರಕ್ಷಿತವಾಗಿರಿಸಿ ಸಂಬಂಧಪಟ್ಟವರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ. ನೆರವಿಗಾಗಿ ಮಕ್ಕಳ ಉಚಿತ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.