ಯುದ್ಧ ಬೇಡವೆಂದವರು ಅಮಾಯಕರಲ್ಲ

ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ, ಅಲ್ಲೇ ಹತ್ತಿರದ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ಕಟ್ಟಿದ, ಜನ ವರ್ಲ್ಡ್ ಕಲ್ಚರ್ ಎಂದೇ ಕರೆಯುವ ಸಂಸ್ಥೆಯೂ ಹುಟ್ಟಿದ್ದು ಒಂದೇ ವರ್ಷ, 1945ರಲ್ಲಿ. ಎರಡನೆಯದು ಆರಂಭವಾದದ್ದು ಆಗಸ್ಟ್ 11ರಂದು. ನಾಗಾಸಾಕಿಯ ಮೇಲೆ ಅಣುಬಾಂಬ್ ಬಿದ್ದು ಆಗಿನ್ನೂ ಎರಡು ದಿನ. ತಾರೀಖುಗಳು ಹೀಗೆ ಕೂಡಿಬಂದದ್ದು ಆಕಸ್ಮಿಕವಿರಬಹುದು, ಅದರ ಮೇಲೆ ವಾದ ಕಟ್ಟಬೇಕಿಲ್ಲ. ಆದರೆ ಆ ಬಾಂಬಿನ ಕಾಲದಿಂದೀಚೆಗೆ ಶಾಂತಿಯ ಮಾತೆತ್ತಿದವರನ್ನು ಲೋಕ ಕಾಣದವರೆಂದು ತಳ್ಳಿಹಾಕುವ ರೂಢಿ ಬಲವಾಗಿದೆ. ಸವಿಮಾತಿಗೆ ಫಿರಂಗಿ ಸುಮ್ಮನಾದೀತೆಂದು ನಂಬಿದವರು ಇವರು ಎಂಬ ತಾತ್ಸಾರ ಅದು. ಕನ್ನಡನಾಡಿಗೆ ಸೇರಿದ ಶಾಂತಿವಾದದ ಚರಿತ್ರೆಯನ್ನು ನೋಡಿದರೆ ಕಾಣುವುದು ಬೇರೆಯೇ. ಯುದ್ಧವನ್ನೋ ಅಧಿಕಾರವನ್ನೋ ಹತ್ತಿರದಿಂದ ಬಲ್ಲವರೇ ಇಲ್ಲಿ ಯುದ್ಧ ಬೇಡವೆಂದಿದ್ದಾರೆ.

ಊರೂರಿಗೆ ವೀರಗಲ್ಲು ನಿಲ್ಲಿಸಿದ ನಾಡಿಗೆ ಶಾಂತಿವಾದ ಹೊರಗಿನ ಸರಕು ಎನ್ನುವವರಿದ್ದಾರೆ. ಆದರೆ 941ರ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಯರ ಕಥೆ ಹೇಳಿದ ಪಂಪ ಕತ್ತಿ ಹಿಡಿದು ಹೋರಾಡಿದ ಕವಿ. ಆ ಕಥೆಯಲ್ಲಿ ಎರಡು ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು, ಸಾವಿರಾರು ಜನ ಸಾಯುವುದೇಕೆ, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರ್ಮಾನ ಮಾಡಿಕೊಳ್ಳಲಿ ಎನ್ನುತ್ತಾರೆ. ಗೆದ್ದ ಬಾಹುಬಲಿ ರಾಜ್ಯವನ್ನೇ ಬಿಟ್ಟುಹೋದದ್ದನ್ನು ನಾವು ನೆನೆಯುತ್ತೇವೆ. ಸೈನ್ಯಗಳನ್ನು ಉಳಿಸಿದ ಮಂತ್ರಿಗಳನ್ನು ಮರೆತಿದ್ದೇವೆ. ನನಗಂತೂ ಅವರ ಸಲಹೆಯೇ ಈ ಕಥೆಯ ದೊಡ್ಡ ರಾಜಕೀಯ ವಿವೇಕವೆನ್ನಿಸುತ್ತದೆ. ಶ್ರವಣಬೆಳಗೊಳದಲ್ಲಿ ಆ ಬಾಹುಬಲಿಯ ಮೂರ್ತಿ ಮಾಡಿಸಿದ ಚಾವುಂಡರಾಯನೂ ಗಂಗರ ದಂಡನಾಯಕ.

ಯುರೋಪಿನಲ್ಲಿ ಈ ವಿವೇಕ ಸಂಘಟನೆಯ ರೂಪ ಪಡೆದದ್ದು ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ. 1816ರಲ್ಲಿ ಲಂಡನ್ನಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮುಂದಾಗಿ ಶಾಂತಿ ಸಂಘ ಕಟ್ಟಿದರು. 1899ರ ಹೇಗ್ ಸಮ್ಮೇಳನ ದೇಶಗಳ ಜಗಳಕ್ಕೆ ಪಂಚಾಯ್ತಿಯ ವ್ಯವಸ್ಥೆ ಮಾಡಿತು. 1914ರ ಮೊದಲ ಮಹಾಯುದ್ಧದಲ್ಲಿ ಎಲ್ಲವೂ ಕೊಚ್ಚಿಹೋಯಿತು, ನಿಜ. ಆ ಯುದ್ಧವನ್ನು ವಿರೋಧಿಸಿ ಜೈಲು ಕಂಡ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್, 1961ರಲ್ಲಿ ಅಣ್ವಸ್ತ್ರ ವಿರೋಧಿಸಿ 89ನೆಯ ವಯಸ್ಸಿನಲ್ಲಿ ಮತ್ತೆ ಜೈಲಿಗೆ ಹೋದರು. ಆ ಸುದ್ದಿ ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ವಿನೋಬಾ ಬಳಗದ ಇಬ್ಬರು ತರುಣರನ್ನು ಎಬ್ಬಿಸಿತು. 1962ರ ಜೂನ್ 1ರಂದು ಅವರು ದೆಹಲಿಯ ಗಾಂಧಿ ಸಮಾಧಿಯಿಂದ ಕೈಯಲ್ಲಿ ಕಾಸಿಲ್ಲದೆ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳತ್ತ ಕಾಲ್ನಡಿಗೆಯಲ್ಲಿ ಹೊರಟರು. ಜಾರ್ಜಿಯಾದಲ್ಲಿ ಚಹಾ ಕಾರ್ಖಾನೆಯ ಹೆಣ್ಣುಮಕ್ಕಳು ಅವರಿಗೆ ನಾಲ್ಕು ಪೊಟ್ಟಣ ಚಹಾಪುಡಿ ಕೊಟ್ಟರು. ಅಣ್ವಸ್ತ್ರವಿದ್ದ ನಾಲ್ಕು ದೇಶಗಳ ನಾಯಕರಿಗೆ ಒಂದೊಂದು. ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಇದನ್ನು ಕಾಯಿಸಿ ಕುಡಿದು ಯೋಚಿಸಲಿ ಎಂದು.

ಇದು ಹುಡುಗರ ಆದರ್ಶವೆನ್ನುವವರು ಅದೇ ವರ್ಷದ ಇನ್ನೊಂದು ಪ್ರಯಾಣವನ್ನು ನೋಡಬೇಕು. ಗಾಂಧಿ ಶಾಂತಿ ಪ್ರತಿಷ್ಠಾನದ ಪರವಾಗಿ ಮೂವರು ಹಿರಿಯರು ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕಂಡು ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಕೇಳಿದರು. ಮುಂದಾಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ 83ರ ರಾಜಾಜಿ. ಜೊತೆಗೆ ಧಾರವಾಡದ ರಂಗನಾಥ ದಿವಾಕರರು ಮತ್ತು ಮಂಗಳೂರು ಮೂಲದ ಬಿ. ಶಿವರಾವ್. ರಾಜಾಜಿ ಗವರ್ನರ್ ಜನರಲ್ ಆಗಿದ್ದವರು; ‘ಕರ್ಮವೀರ’ ಪತ್ರಿಕೆಯ ದಿವಾಕರರು ಕೇಂದ್ರ ಮಂತ್ರಿಯಾಗಿ, ಬಿಹಾರದ ರಾಜ್ಯಪಾಲರಾಗಿ ಆಡಳಿತ ನಡೆಸಿದವರು; ಬಿ.ಪಿ. ವಾಡಿಯಾ 1918ರಲ್ಲಿ ಕಟ್ಟಲು ನೆರವಾದ ಮದರಾಸ್ ಲೇಬರ್ ಯೂನಿಯನ್ನಿನಲ್ಲಿ ದುಡಿದ ಶಿವರಾಯರು ಸಂವಿಧಾನ ಸಭೆಯಲ್ಲಿ ಕೂತವರು. ರಾಜ್ಯಭಾರದ ಕಷ್ಟ ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರು ವಾರ ಕಳೆದೊಡನೆ, ಅಕ್ಟೋಬರ್ 20ರಂದು ಚೀನಾ ನಮ್ಮ ಮೇಲೆ ಬಿತ್ತು. ಶಾಂತಿವಾದಿಗಳ ಬಾಯಿ ಮುಚ್ಚಿಸಲು ಇಂದಿಗೂ ಬಳಸುವ ಉದಾಹರಣೆ ಇದೇ. ಆಕ್ಷೇಪ ಹಗುರವಾದುದಲ್ಲ. ಗಡಿ ದಾಟಿ ಬಂದ ಸೈನ್ಯದೆದುರು ಮನವಿ ಹಿಡಿದು ನಿಂತರೆ ಪ್ರಯೋಜನವಿಲ್ಲವೆಂದು ಒಪ್ಪಲೇಬೇಕು; ಯಾವ ಸಂದರ್ಭದಲ್ಲೂ ಆಯುಧ ಕೂಡದೆನ್ನುವ ಕಟ್ಟಾ ಶಾಂತಿವಾದದ ಬಳಿ ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಈ ಮೂವರು ವಾಷಿಂಗ್ಟನ್ನಿನಲ್ಲಿ ಕೇಳಿದ್ದು ಗಡಿಯ ಕಾವಲು ಬಿಡಿ ಎಂದಲ್ಲ, ಮನುಷ್ಯಕುಲವನ್ನೇ ಸುಡಬಲ್ಲ ಆಯುಧದ ಪರೀಕ್ಷೆ ನಿಲ್ಲಲಿ ಎಂದು. ಅದೇ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಜಗಳದಲ್ಲಿ ಲೋಕ ಅಣುಯುದ್ಧದ ಅಂಚಿಗೆ ಹೋಗಿ ಬಂತು. ಅವರ ಭಯ ಎಷ್ಟು ಸಕಾರಣವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಡೆಸುವುದಿಲ್ಲವೆಂದು ಸಹಿ ಹಾಕಿದವು. ಇದು ಮೂವರು ಮುದುಕರು, ಇಬ್ಬರು ನಡಿಗೆಯವರು ತಂದದ್ದೆಂದರೆ ಅತಿಯಾದೀತು. ಕ್ಯೂಬಾದ ಗಾಬರಿಯಿತ್ತು, ಪರೀಕ್ಷೆಯ ವಿಕಿರಣ ಹಾಲಿನಲ್ಲಿ, ಮಕ್ಕಳ ಹಾಲುಹಲ್ಲಿನಲ್ಲಿ ಸೇರುತ್ತಿದೆಯೆಂದು ಅಮೆರಿಕದ ತಾಯಂದಿರು ಎಬ್ಬಿಸಿದ ಕೂಗಿತ್ತು. ಆದರೆ ಸೇನಾಪತಿಗಳ, ವಿಜ್ಞಾನಿಗಳ ಗುಟ್ಟಿನ ವಿಷಯವಾಗಿದ್ದುದನ್ನು ಎಲ್ಲರೂ ಪ್ರಶ್ನಿಸಬಹುದಾದ ವಿಷಯವಾಗಿಸಿದ್ದು ಇಂಥ ಹಲವರ ಹಟ. ಭೂಮಿಯೊಳಗಿನ ಪರೀಕ್ಷೆಗೆ ಆ ಒಪ್ಪಂದ ತಡೆಯೊಡ್ಡಲಿಲ್ಲ. 1974ರಲ್ಲಿ ಪೋಖರಣ್‌ನಲ್ಲಿ ನಾವು ನಡೆಸಿದ್ದೂ ಅದನ್ನೇ. ಎಲ್ಲ ಪರೀಕ್ಷೆಯನ್ನೂ ನಿಷೇಧಿಸುವ 1996ರ ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ. ಅದಕ್ಕೆ ಸಹಿ ಹಾಕದ ದೇಶಗಳಲ್ಲಿ ಭಾರತವೂ ಒಂದು.