ಪೆಪ್ಟೈಡ್ ಸೀರಮ್‌ಗೆ ಲೋಳೆಸರ, ನಿಂಬೆರಸ ಬೆರೆಸಬಹುದಾ?

ಎರಡೂ ನ್ಯಾಚುರಲ್, ಸೀರಮ್ ಜೊತೆ ಹಚ್ಚಿ ಎನ್ನುವ ಸಲಹೆ ನಿಮಗೂ ಬಂದಿರಬಹುದು. ಅದು ಅರ್ಧ ಮಾತ್ರ ಸರಿ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಕೊಲಾಜೆನ್ ಹೆಚ್ಚಲಿ ಎಂದು ಕ್ರೀಮ್‌ಗೆ ಸೇರಿಸುತ್ತಾರೆ. ಫಲ ಅಲ್ಪ, ಅದಕ್ಕೂ ವಾರಗಟ್ಟಲೆ ಕಾಯಬೇಕು. ಲೋಳೆಸರದ ತಿಳಿ ಲೋಳೆ ಬಹುಪಾಲು ನೀರೇ, ಪೆಪ್ಟೈಡ್‌ಗೆ ಅಡ್ಡಿಯಿಲ್ಲ. ಆದರೆ ಎಲೆ ಕತ್ತರಿಸಿದಾಗ ಸೋರುವ ಹಳದಿ ರಸ ತುರಿಕೆ ತರಬಲ್ಲದು, ಅದನ್ನು ತೊಳೆದುಬಿಡಿ. ಸೀರಮ್ ಬಾಟಲಿಗೆ ಹಾಕಬೇಡಿ, ಕೆಡುತ್ತದೆ. ಸೀರಮ್ ಒಣಗಿದ ಮೇಲೆ ಹಚ್ಚಿ.

ನಿಂಬೆರಸ ಬೇಡವೇ ಬೇಡ. ಅದರ ಪಿಎಚ್ ಸುಮಾರು 2, ಚರ್ಮಕ್ಕೆ ಉರಿ. ನಿಂಬೆ ಸೋಕಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಂಪ್ಲಿಯ ಗದ್ದೆಯಲ್ಲಿ, ಹಂಪಿಯ ಬಂಡೆಗಳ ನಡುವೆ ದಿನವಿಡೀ ದುಡಿಯುವವರಿಗೆ ಇದು ಸಣ್ಣ ಮಾತಲ್ಲ.

ಹೊಸದೇನೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.